ಮಹಡಿ ಮೇಲಿನ ವಾರಗಿತ್ತಿ

ನನ್ನ ವಾರಗಿತ್ತಿಗೆ ಅವರೆಕಾಯಿ ಬಿಡಿಸಲು ಬರುವುದಿಲ್ಲವಂತೆ. ಹಾಗೆಂದು ಅವಳೇ ಹೇಳುತ್ತಾಳೆ, ಅದೂ ಹಲ್ಲು ಕಿರಿದುಕೊಂಡು. ಮದ್ದೂರು ಸೀಮೆಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅವರೆಕಾಯಿ ಬಿಡಿಸಲು ಬಾರದ ಹೆಣ್ಣನ್ನು ನಾನಂತೂ ಕಂಡಿಲ್ಲ. ನಂಬುವವರು ನಂಬಲಿ. ನಮ್ಮ ಅತ್ತೆ ನಂಬಿದರು.

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ಕೆಳಗಡೆ ನಾನು, ನನ್ನ ಗಂಡ, ಅತ್ತೆ. ಮದುವೆಯಾಗಿ ಬಂದ ದಿನದಿಂದಲೂ ಅತ್ತೆ ನನ್ನ ಜೊತೆಯಲ್ಲೇ ಇದ್ದವರು. ಮಾವ ಹೋದ ಮೇಲೆ ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡೆ. ಮದ್ದೂರಿನಲ್ಲಿ ಬಾಡಿಗೆಗಿದ್ದ ಮೈದುನ ಹೋದ ವರ್ಷ ನಮ್ಮ ಮನೆಯ ಮೇಲೆ ಇನ್ನೊಂದು ಮನೆ ಎಬ್ಬಿಸಿ, ಹೆಂಡತಿಯನ್ನು ಕಟ್ಟಿಕೊಂಡು ಬಂದ. ಬಂದವನದು ಒಂದೇ ರಾಗ: ಅವ್ವ ಇನ್ನು ಮೇಲೆ ಬಂದು ನಮ್ಮ ಜೊತೆ ಇರಲಿ. ನಾನು ಬೇಡ ಎನ್ನುವ ಹಾಗಿಲ್ಲ, ಹ್ಞೂಂ ಎನ್ನಲು ಬಾಯಿ ಬರುವುದಿಲ್ಲ. ಅತ್ತೆಯನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ.

"ಸಂಕ್ರಾಂತಿ ಕಳೀಲಿ, ನೋಡವ," ಎಂದರು.

ಸಂಕ್ರಾಂತಿ ಕಳೆಯುವುದರೊಳಗೆ ನನ್ನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚಿನಲ್ಲಿ ಎಳ್ಳು ಹುರಿಯಬಹುದಿತ್ತು.

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಸಾಮಾಜಿಕ ಮನೋವಿಜ್ಞಾನ ಹೇಳಿಕೊಡುತ್ತೇನೆ. ಮೊದಲ ದಿನ ಹೊಸ ಮಕ್ಕಳಿಗೆ ಹೇಳುವ ಮಾತು ಒಂದೇ. ಮನುಷ್ಯ ಒಬ್ಬನೇ ಕೂತಿದ್ದಾಗ ಏನು ಯೋಚಿಸುತ್ತಾನೆ ಎಂಬುದು ಬೇರೆಯವರ ಪಾಠ. ಇನ್ನೊಬ್ಬ ಬಂದು ಪಕ್ಕದಲ್ಲಿ ಕೂತ ಕೂಡಲೇ ಅವನಿಗೆ ಏನಾಗುತ್ತದೆ ಎಂಬುದು ನಮ್ಮ ಪಾಠ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ. ಎಷ್ಟೋ ವರ್ಷ ನಾನು ಅದನ್ನು ನಿಂತಲ್ಲೇ ನಿಂತು ಹೇಳಿ ಕೈ ತೊಳೆದುಕೊಂಡೆ. ಹೋದ ವರ್ಷ ವಾರಗಿತ್ತಿ ಬಂದು ಪಕ್ಕದಲ್ಲಿ ಕೂತಳು ನೋಡಿ, ಆಗ ಗೊತ್ತಾಯಿತು.

ಹೋಲಿಕೆಯ ಪಾಠವನ್ನೂ ನಾನೇ ಮಾಡುವುದು. ಅರಮನೆಯ ರಾಣಿಯ ಒಡವೆ ನೋಡಿ ಯಾರಿಗೂ ಹೊಟ್ಟೆ ಉರಿಯುವುದಿಲ್ಲ, ಎದುರು ಮನೆಯವಳ ಹೊಸ ಮಿಕ್ಸಿ ನೋಡಿದರೆ ಉರಿಯುತ್ತದೆ. ನಮ್ಮಂತೆಯೇ ಇರುವವರ ಜೊತೆ ಮಾತ್ರ ನಾವು ನಮ್ಮನ್ನು ತೂಗಿಕೊಳ್ಳುವುದು ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ. ಅವರಿಗೇನು ವಾರಗಿತ್ತಿಯರಿದ್ದಾರೆಯೇ?

ನನ್ನ ದಿನಚರಿ ಕೇಳಿ. ಕತ್ತಲಿರುವಾಗಲೇ ಎದ್ದು ಮುದ್ದೆ ತಿರುವಿ ಹಾಟ್‌ಬಾಕ್ಸಿಗೆ ಹಾಕಿ, ಉಪ್ಸಾರು ಮಾಡಿ, ಅತ್ತೆಗೆ ಫ್ಲಾಸ್ಕಿನಲ್ಲಿ ಬಿಸಿನೀರು, ಪಕ್ಕದಲ್ಲಿ ಮಾತ್ರೆ, ಸ್ನಾನಕ್ಕೆ ನೀರು, ಉಡಲು ಸೀರೆ, ಎಲ್ಲ ಅಣಿ ಮಾಡಿಯೇ ನಾನು ಬಸ್ಸಿಗೆ ಓಡುವುದು. ಅತ್ತೆ ಒಂದು ಲೋಟ ಎತ್ತಿಡಲು ಬಂದರೂ "ಬಿಡಿ ಅತ್ತೆ, ನಾನೇ ಮಾಡ್ತೀನಿ" ಎಂದು ಕಿತ್ತುಕೊಳ್ಳುತ್ತೇನೆ. ಬೀದಿಯವರೆಲ್ಲ "ಪುಣ್ಯ ಮಾಡಿದ್ದೆ ಕಣಮ್ಮ, ಇಂತಾ ಸೊಸೆ ಸಿಕ್ಕವ್ಳೆ" ಎಂದು ಅತ್ತೆಗೆ ಹೇಳುವಾಗ ನಾನು ಒಳಗಿನಿಂದ ಕೇಳಿಸಿಕೊಂಡು ಉಬ್ಬುತ್ತಿದ್ದೆ. ಸುಳ್ಳೇಕೆ ಹೇಳಲಿ?

ಅವಳ ದಿನಚರಿಯೂ ಕೇಳಿ. ಬಿಸಿಲು ಬಂದ ಮೇಲೆ ಎದ್ದು, ತಲೆಗೂದಲು ಹರಡಿಕೊಂಡು, ಮೆಟ್ಟಿಲ ಮೇಲಿನಿಂದಲೇ ಕೂಗು: "ಅತ್ತೇ, ಜಡೆ ಹಾಕ್ಕೊಡಿ. ಅತ್ತೇ, ಸಾರಿಗೆ ಉಪ್ಪು ಸಾಕಾ ನೋಡಿ. ಅತ್ತೇ, ಮುದ್ದೆ ಗಂಟಾಯ್ತದೆ, ಬಂದು ಒಂದು ಕೈ ತಿರುವ್‌ಕೊಡಿ."

ಮಂಡಿನೋವು ಎಂದು ನನ್ನ ಕೈಯಲ್ಲಿ ಕಾಲು ಒತ್ತಿಸಿಕೊಳ್ಳುವ ನಮ್ಮ ಅತ್ತೆ ಆ ಮೆಟ್ಟಿಲನ್ನು ದಡದಡ ಹತ್ತಿ ಹೋಗುತ್ತಿದ್ದರು! ಹತ್ತುವಾಗ ಬೈಗುಳ ಬೇರೆ: "ಥೂ ನಿನ್ನ, ಸೋಂಬೇರಿ ಮುಂಡೇದೆ, ನಿಮ್ಮವ್ವ ನಿಂಗೇನ್ಲೇ ಕಲಿಸಿದ್ದು?" ಅವಳು ಕಿಸಕಿಸ ನಗುವುದು, ಇವರು ಇನ್ನಷ್ಟು ಬೈಯುವುದು. ಕೆಳಗೆ ನಾನು ಪಾತ್ರೆ ಉಜ್ಜುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಅವರು ಒಂದು ದಿನಕ್ಕೂ ಬೈದವರಲ್ಲ. ಆ ಬೈಗುಳದ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಉಜ್ಜುತ್ತಿದ್ದ ಪಾತ್ರೆಯನ್ನು ಸಿಂಕಿಗೆ ಕುಕ್ಕಿದೆ. ಅತ್ತೆ ಮೇಲಿನಿಂದಲೇ "ಏನಾಯ್ತವ್ವ?" ಎಂದರು. "ಏನಿಲ್ಲ ಅತ್ತೆ" ಎಂದೆ.

ಇನ್ನೊಬ್ಬರ ತಪ್ಪಿಗೆ ಅವರ ಗುಣವೇ ಕಾರಣ, ನಮ್ಮ ತಪ್ಪಿಗೆ ಮಾತ್ರ ಸಂದರ್ಭ ಕಾರಣ ಎಂದು ಮನಸ್ಸು ಲೆಕ್ಕ ಹಾಕುತ್ತದೆ ಎಂಬ ಪಾಠವೂ ನನಗೆ ಬಾಯಿಪಾಠ. ಅವಳು ತಡವಾಗಿ ಎದ್ದರೆ ಸೋಮಾರಿ, ನಾನು ತಡವಾಗಿ ಎದ್ದರೆ ಮೈ ಬಿಸಿಯಿತ್ತು. ಎಲ್ಲ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ? ಅವಳು ಸೋಮಾರಿಯೇ. ಇವತ್ತಿಗೂ ನನ್ನ ಅಭಿಪ್ರಾಯ ಅದೇ.

ಧನುರ್ಮಾಸದಲ್ಲಿ ಒಂದು ದಿನ ತರಗತಿಯಲ್ಲಿ ಇಷ್ಟಪಡುವುದರ ಬಗ್ಗೆ ಪಾಠ ನಡೆದಿತ್ತು. ನಮಗೆ ಉಪಕಾರ ಮಾಡಿದವರನ್ನು ನಾವು ಇಷ್ಟಪಡುತ್ತೇವೆ, ಅದು ಎಲ್ಲರಿಗೂ ಗೊತ್ತು. ಆದರೆ ನಾವು ಯಾರಿಗೆ ಉಪಕಾರ ಮಾಡುತ್ತೇವೋ ಅವರ ಮೇಲೂ ನಮಗೆ ಪ್ರೀತಿ ಬೆಳೆಯುತ್ತದೆ. ಇವಳಿಗಾಗಿ ಇಷ್ಟು ಒದ್ದಾಡಿದೆನಲ್ಲ, ಹಾಗಾದರೆ ಇವಳು ನನಗೆ ಬೇಕಾದವಳೇ ಇರಬೇಕು ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಹೀಗೆ ಹೇಳಿ ಯಾರಾದರೂ ಉದಾಹರಣೆ ಕೊಡಿ ಎಂದೆ. ಬಂಡೂರಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಮ್ಮಟ್ಟೀಲಿ ಒಂದು ಕುರಿಮರಿ ಅದೆ. ಉಟ್ದಾಗ ತಾಯಿ ಅತ್ರಕ್ಕೇ ಸೇರಿಸ್ನಿಲ್ಲ. ನಮ್ಮವ್ವ ಎದ್ದೆದ್ದು ಬಾಟ್ಲೀಲಿ ಆಲು ಕುಡಿಸ್ತು. ಈಗ ಅದ್ನ ಮಾರಕ್ಕೆ ಬುಡಾಕಿಲ್ಲ ಅಂತದೆ."

"ಮಿಕ್ಕ ಮರಿಗಳು?" ಎಂದು ಕೇಳಿದೆ.

"ಅವಾ? ಅವು ಪಾಪ ತಮ್ಮ ಪಾಡಿಗೆ ಚೆನ್ನಾಗಿ ಮೇಯ್ಕಂಡಿದ್ವು ಮೇಡಂ. ಮಾರ್ಬುಟ್ವಿ."

ತರಗತಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಸಂಜೆ ಮಂಡ್ಯದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಆ ಮಾರಿದ ಮರಿಗಳು ನೆನಪಾದವು. ತನ್ನ ಪಾಡಿಗೆ ತಾನು ಮೇಯ್ದುಕೊಂಡಿದ್ದ ಮರಿ ಯಾರು ಎಂದು ಯಾರೂ ಹೇಳಬೇಕಿರಲಿಲ್ಲ. ಇಷ್ಟು ವರ್ಷದಲ್ಲಿ ಅತ್ತೆಯ ಹತ್ತಿರ ನಾನು ಏನನ್ನೂ ಕೇಳಿದವಳಲ್ಲ. ಅವಳು ಕೇಳಿಕೇಳಿಯೇ ಗೆದ್ದಳು. ಓದಿದವಳು ನಾನು, ಪಾಠ ಮಾಡುವವಳು ನಾನು, ಪರೀಕ್ಷೆ ಪಾಸಾದವಳು ಮಾತ್ರ ಅವಳು! ಮೈಯೆಲ್ಲ ಉರಿದುಹೋಯಿತು. ಸರಿ, ನಾನೂ ಕೇಳುತ್ತೇನೆ, ಅದೇನು ಮಹಾ ವಿದ್ಯೆ ಎಂದುಕೊಂಡೆ.

ಕೇಳುವುದು ಸುಲಭವಲ್ಲ. ಮರುದಿನ ಬೆಳಿಗ್ಗೆ ಸೆರಗು ಹಿಡಿದುಕೊಂಡು ಅತ್ತೆಯ ಮುಂದೆ ನಿಂತು, "ಅತ್ತೆ, ಇದಕ್ಕೊಂದು ಪಿನ್ನು ಹಾಕ್ಕೊಡಿ" ಎಂದೆ. ಅತ್ತೆ ಗಾಬರಿಯಿಂದ ಎದ್ದರು.

"ಯಾಕವ್ವ, ಕೈ ನೋಯ್ತದಾ? ಎತ್ತಕ್ಕಾಗಕಿಲ್ವಾ? ಮಗನ್ನ ಕೂಗ್ಲಾ, ಡಾಕ್ಟ್ರತ್ರ ಓಗ್ಬತ್ತೀಯಾ?"

ಕೈಗೆ ಏನೂ ಆಗಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಬಸ್ಸು ಹೋಯಿತು. ಪಿನ್ನನ್ನು ನಾನೇ ಹಾಕಿಕೊಂಡೆ.

ಆದರೂ ಬಿಡಲಿಲ್ಲ. ಸಂಕ್ರಾಂತಿ ಹತ್ತಿರ ಬಂದಿತ್ತು, ಸೊಗಡಿನ ಅವರೆಕಾಯಿ ಮಾರುಕಟ್ಟೆಯ ತುಂಬ ಬಿದ್ದಿತ್ತು. ನಮ್ಮ ಕಡೆ ಹಿತಕವರೆ ಎಂದರೆ ಒಬ್ಬರ ಕೆಲಸವಲ್ಲ. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಮನೆಯವರೆಲ್ಲ ಸುತ್ತ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಆ ಕೆಲಸವನ್ನೂ ಅತ್ತೆಗೆ ತೊಂದರೆ ಬೇಡವೆಂದು ನಾನು ಹಿಂದಿನ ವರ್ಷಗಳಲ್ಲಿ ಹಿಸುಕಿದ ಬೇಳೆಯನ್ನೇ ಪ್ಯಾಕೆಟ್ಟಿನಲ್ಲಿ ತಂದು ತಪ್ಪಿಸಿಬಿಡುತ್ತಿದ್ದೆ. ಈ ಸಲ ಚೀಲ ತುಂಬ ಕಾಯಿಯನ್ನೇ ತಂದು ಅತ್ತೆಯ ಮುಂದೆ ಸುರಿದೆ.

"ಅತ್ತೆ, ನಂಗೆ ಈ ವಾರ ಕಾಲೇಜಲ್ಲಿ ಪರೀಕ್ಷೆ ಕೆಲಸ. ಇದನ್ನ ನೀವೇ ನೋಡ್ಕೊಬೇಕು. ನನ್ನ ಕೈಲಾಗಲ್ಲ."

ಅತ್ತೆಯ ಮುಖ ಅರಳಿತು. ದೇವರಾಣೆ, ಅರಳಿದ್ದನ್ನು ನಾನೇ ನೋಡಿದೆ. ಒಂದು ಕಾಯಿ ಎತ್ತಿ ಮೂಸಿದರು. "ಒಳ್ಳೆ ಸೊಗಡದೆ ಕಣವ್ವ. ನೀನು ಓಗು, ನಾನ್ ಮಾಡಾಕ್ತೀನಿ," ಎಂದರು. ಅಂದು ನಾನು ಮಳವಳ್ಳಿಯವರೆಗೂ ಬಸ್ಸಿನಲ್ಲಿ ನಿಂತೇ ಹೋದೆ, ಕಾಲು ನೋಯಲಿಲ್ಲ. ಮಾರನೆಯ ಸಂಜೆ ಬೇಗ ಬಂದು, ಅವರ ಪಕ್ಕ ಕೂತು ಹಿಸುಕಬೇಕೆಂದು ಗೇಟು ತೆಗೆದರೆ ಕೆಳಗಿನ ಮನೆಗೆ ಬೀಗ. ನಗು ಕೇಳಿಸಿದ್ದು ಮಹಡಿಯಿಂದ.

ಮೆಟ್ಟಿಲು ಹತ್ತಿ ನೋಡಿದೆ. ನಾನು ತಂದ ಅವರೆಕಾಳು, ನನ್ನದೇ ಸ್ಟೀಲ್ ಬೇಸಿನ್ನು, ಆ ಕಡೆ ಅತ್ತೆ, ಈ ಕಡೆ ಅವಳು. ಅವಳು ಹಿಸುಕಿದ ಕಾಳು ಗೋಡೆಗೆ ಹಾರಿತು. "ಅಲಾ ಇವಳ, ಕಾಳು ಬಾಯಿಗ್ ಬೀಳಬೇಕೋ ಗ್ವಾಡೆಗೋ!" ಎಂದು ಅತ್ತೆ ಅವಳ ತಲೆಗೆ ಮೊಟಕಿದರು. ನನ್ನನ್ನು ಕಂಡ ತಕ್ಷಣ ಇಬ್ಬರೂ ಸರಿಯಾಗಿ ಕೂತರು. ಮೇಷ್ಟ್ರು ಬಂದಾಗ ಮಕ್ಕಳು ಕೂರುತ್ತಾರಲ್ಲ, ಹಾಗೆ.

"ಒಬ್ಳೇ ಕುಂತ್ಕಂಡ್ರೆ ಬ್ಯಾಸರ ಅಂತ ಮ್ಯಾಕೆ ತಂದೆ ಕಣವ್ವ," ಎಂದರು ಅತ್ತೆ. "ನೀ ಕೈಕಾಲ್ ತೊಳ್ಕೊ ಓಗು, ದಣ್ಕಂಡ್ ಬಂದಿದ್ದೀಯ."

ಸಂಕ್ರಾಂತಿ ಕಳೆಯಿತು. ಕಬ್ಬಿನ ಸಿಪ್ಪೆ ಗುಡಿಸಿ ಹಾಕಿದ ದಿನವೇ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ತಾವು ಮೇಲೆ ಹೋಗುವುದಾಗಿ ಹೇಳಿದರು. ಇಷ್ಟು ದಿನ ತಡೆದಿದ್ದೆಲ್ಲ ನನ್ನ ಬಾಯಿಗೆ ಬಂತು.

"ನಾನೇನು ಕಮ್ಮಿ ಮಾಡಿದೆ ನಿಮಗೆ? ಹೇಳಿ! ಒಂದು ಲೋಟ ಎತ್ತಿಡೋಕೆ ಬಿಟ್ಟಿದ್ದೀನಾ? ಒಂದು ಹೊತ್ತು ತಣ್ಣಗಿರೋದು ತಿನ್ನಿಸಿದ್ದೀನಾ? ಅವಳು ನಿಮ್ಮ ಕೈಲಿ ಮುದ್ದೆ ತಿರುವಿಸ್ತಾಳೆ, ಜಡೆ ಹಾಕಿಸ್ಕೋತಾಳೆ. ಅವಳು ಹೆಚ್ಚಾದಳು, ಅಲ್ವಾ?"

ಅಳು ಬಂತು. ಅತ್ತೆಯ ಕಣ್ಣಲ್ಲೂ ನೀರು.

"ನೀನೇನೂ ಕಮ್ಮಿ ಮಾಡ್ನಿಲ್ಲ ಕಣವ್ವ. ಸತ್ಯವಾಗ್ಲೂ ಇಲ್ಲ. ರಾಣಿ ಮಡ್ಗಿದಂಗೆ ಮಡಗಿದ್ದೆ. ಆದ್ರೆ ನಿನ್ ತಾವ ನಾನು ನೆಂಟ್ರಂಗೆ ಇದ್ದೆ ಕಣವ್ವ. ನೆಂಟ್ರು ಎಷ್ಟ್ ದಿಸ ಅಂತ ಇದ್ದಾರು, ನೀನೇ ಯೋಳು?"

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ, ಅವರ ಸೀರೆಗಳನ್ನು ಮಡಿಸಿ ಟ್ರಂಕಿಗೆ ತುಂಬಿದೆ. ಮಾತ್ರೆ ಒಂದು ಕಡೆ, ಸ್ವೆಟರು ಒಂದು ಕಡೆ, ಮಾವನ ಫೋಟೋ ಬಟ್ಟೆಯಲ್ಲಿ ಸುತ್ತಿ ಮೇಲೆ. ಟ್ರಂಕು ಭಾರವಾಗಿತ್ತು. ಮೆಟ್ಟಿಲ ಬುಡಕ್ಕೆ ಎಳೆದು ತಂದಾಗ ಅತ್ತೆ ಬಗ್ಗಿ ಇನ್ನೊಂದು ಕಡೆಯ ಹಿಡಿಗೆ ಕೈ ಹಾಕಿದರು.

"ಈ ಕಡೆ ನಾನ್ ಇಡ್ಕತೀನಿ ತಾಳವ್ವ, ಇಬ್ರೂ ಎತ್ತುವ."

"ಬಿಡಿ ಅತ್ತೆ," ಎಂದು ಅವರ ಕೈಯಿಂದ ಹಿಡಿಯನ್ನು ಕಿತ್ತುಕೊಂಡೆ. "ನಾನೇ ತರ್ತೀನಿ."