ಎರಡು ಕೈ ಕೇಳುವ ಬಗ್ಗಿ

ಅಂಗಡಿಯವನು ಎರಡು ಕಾರುಗಳನ್ನು ಗಾಜಿನ ಮೇಜಿನ ಮೇಲಿಟ್ಟು, "ನೋಡ್ರಿ ಅಜ್ಜಿ, ಎರಡೂ ಏಕ್‌ದಂ ಫಸ್ಟ್‌ಕ್ಲಾಸ್ ಮಾಲು," ಎಂದ. ಎರಡೂ ಫಸ್ಟ್‌ಕ್ಲಾಸ್ ಎನ್ನುವವನ ಮಾತು ನಂಬಬಾರದು. ಕುರಿ ಸಂತೆಯಲ್ಲೂ ಹಾಗೇ. ನಾನು ಒಂದನ್ನು ಎತ್ತಿ, ಅಂಗಾತ ಮಾಡಿ, ಹೊಟ್ಟೆ ನೋಡಿದೆ.

"ಅಜ್ಜಿ ಹಲ್ಲು ನೋಡ್ತಾರೇನೋ," ಎಂದು ಅವನು ನನ್ನ ಕಿರಿಮಗನ ಕಡೆ ತಿರುಗಿ ನಕ್ಕ.

"ನಿನ್ನ ಹಲ್ಲು ನೋಡ್ತೀನಿ, ಬಾ," ಎಂದೆ.

ಇವಕ್ಕೆ ಬಗ್ಗಿ ಅನ್ನುತ್ತಾರಂತೆ. ಮೊಳದುದ್ದದ ಕಾರು, ಮುಳ್ಳುಮುಳ್ಳು ಚಕ್ರ. ದೂರ ನಿಂತು ರಿಮೋಟ್ ಆಡಿಸಿದರೆ ಮಣ್ಣಿನ ದಿಬ್ಬ ಹಾರಿ ಓಡುತ್ತದೆ. ನನ್ನ ಕಿರಿಮಗ ಚಳ್ಳಕೆರೆಯಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಭಾನುವಾರ ಬಂತೆಂದರೆ ಅವನೂ ಅವನ ಗೆಳೆಯರೂ ನಿಂತುಹೋದ ಒಂದು ಎಣ್ಣೆ ಮಿಲ್ಲಿನ ಅಂಗಳದಲ್ಲಿ ಹಳೇ ಟೈರು ಜೋಡಿಸಿ ಈ ಬಗ್ಗಿಗಳ ಪಂದ್ಯ ಕಟ್ಟುತ್ತಾರೆ. ಮೀಸೆ ಬಂದ ಗಂಡಸರು. ಮೊದಲು ನೋಡಿದಾಗ ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಬೈದಿದ್ದೆ. ಈಗ ಅದನ್ನೇ ಕೊಳ್ಳಲು ನಾನೇ ಬಂದು ನಿಂತಿದ್ದೆ, ನನ್ನ ಜೊತೆಗೇ ಇರುವ ಮಗಳ ಮಗಳಿಗಾಗಿ.

ಅವಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಎಡಗೈಗೆ ಅವಳಪ್ಪನ ಟವೆಲ್ ಸುತ್ತಿಕೊಂಡಿದ್ದಳು. ಬೇಸಿಗೆಯಲ್ಲೂ ಆ ಟವೆಲ್ ಬಿಚ್ಚುತ್ತಿರಲಿಲ್ಲ.

ಹೋದ ವರ್ಷ ಮೇವು ಕತ್ತರಿಸುವ ಮಷಿನ್ನಿಗೆ ಕೈ ಕೊಟ್ಟಳು. ಜೋಳದ ಸೊಪ್ಪೆ ತಳ್ಳುತ್ತಿದ್ದವಳು ತಿರುಗಿ ಯಾರ ಹತ್ತಿರವೋ ಮಾತಾಡಿದಳು, ಅಷ್ಟೇ. ಆಸ್ಪತ್ರೆಯವರು ಬೆರಳುಗಳನ್ನು ಉಳಿಸಿದರು. ಉಳಿದವು, ಆದರೆ ಕಟ್ಟಿಗೆಯ ಹಾಗೆ. ತೋರುಬೆರಳೂ ಅದರ ಪಕ್ಕದ ಎರಡೂ ಬಾಗುವುದಿಲ್ಲ. ದಿನಾ ಮೆತ್ತನೆ ಚೆಂಡು ಹಿಸುಕಿಸಿ, ಬಳಸಿದಷ್ಟೂ ಒಳ್ಳೆಯದು ಎಂದು ಹೇಳಿ ಕಳಿಸಿದರು. ಚೆಂಡನ್ನು ಅವಳು ಬಾವಿಗೆ ಎಸೆದಳು.

ಬರೆಯುವ ಕೈ ಬಲಗೈ. ಅದಕ್ಕೇನೂ ಆಗಿಲ್ಲ. ಓದುವುದಕ್ಕೆ ಅಡ್ಡಿಯಿಲ್ಲ ಎಂದು ಮತ್ತೆ ಶಾಲೆಗೆ ಕಳಿಸಿದೆವು. ಮಧ್ಯಾಹ್ನದ ಊಟಕ್ಕೆ ಸಾಲಿನಲ್ಲಿ ನಿಂತಾಗ ತಟ್ಟೆ ಎಡಗೈಯಿಂದ ಜಾರಿ ಸಾರೆಲ್ಲ ಚೆಲ್ಲಿತು. ಯಾವುದೋ ಹುಡುಗಿ "ಕೋಳಿಕಾಲು" ಎಂದಳು. ಮಿಕ್ಕವರು ಅದನ್ನೇ ಹಿಡಿದುಕೊಂಡರು. ಇವಳು ಮನೆಗೆ ಬಂದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಮನೆಗೆ ಬಂದು ಕರೆದರು. ಅಪ್ಪ ಬೈದ, ಅಮ್ಮ ಅತ್ತಳು. ಇವಳು ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂತಳು. ನಮ್ಮ ಕಡೆ ಹೆಣ್ಣುಮಕ್ಕಳು ಒಂದು ವರ್ಷ ಶಾಲೆ ಬಿಟ್ಟರೆ ಮುಗಿಯಿತು, ಮತ್ತೆ ಹೋಗುವುದಿಲ್ಲ. ನಾನೇ ಮೂರನೇ ಕ್ಲಾಸಿಗೆ ಬಿಟ್ಟವಳು. ಕುರಿಮರಿ ನೋಡಿಕೊಳ್ಳಲು ನಾಲ್ಕು ದಿನ ಬಾ ಎಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಅವಳ ಕಣ್ಣು ಅರಳುತ್ತಿದ್ದುದು ಒಂದಕ್ಕೇ. ಮಾವನ ಊರಿಗೆ ಹೋದಾಗ ಮಿಲ್ಲಿನ ಅಂಗಳದಲ್ಲಿ ಬಗ್ಗಿ ನೋಡುತ್ತಾ ಕೂತರೆ ಊಟ ಬೇಡ, ನೀರು ಬೇಡ. ಅದಕ್ಕೇ ಅಂಗಡಿಗೆ ಬಂದದ್ದು.

ಎರಡರಲ್ಲಿ ಒಂದು ಕೆಂಪನೆಯದು. ಹಗುರ, ನೋಡಲು ಚೆಂದ, ಬಿಟ್ಟರೆ ಮೊಲ. ಅದರ ರಿಮೋಟ್ ಅಂಗೈಯಗಲ, ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಆಡಿಸಬಹುದು. ಇನ್ನೊಂದು ಬೂದಿ ಬಣ್ಣದ್ದು, ತೂಕದ್ದು, ಹೊಟ್ಟೆಯ ಕೆಳಗೆ ಲೋಹದ ತಗಡು. ಅದರ ರಿಮೋಟಿಗೆ ಪಿಸ್ತೂಲಿನಂಥ ಹಿಡಿ. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಕೀಲು ಎಳೆದರೆ ಗಾಡಿ ಓಡುತ್ತದೆ. ರಿಮೋಟಿನ ಬಲಬದಿಗೆ ಸಣ್ಣದೊಂದು ಚಕ್ರ. ಅದನ್ನು ಬಲಗೈಯಲ್ಲಿ ತಿರುಗಿಸಿದರೆ ಗಾಡಿ ತಿರುಗುತ್ತದೆ.

ಮಗ ಬೂದಿ ಬಣ್ಣದ್ದನ್ನು ಹೊಗಳಿದ. "ಇದು ಮುರಿದ್ರೆ ಸಾಮಾನು ಸಿಗ್ತೈತವ್ವ. ಕೆಂಪುದು ಮುರಿದ್ರೆ ತಿಪ್ಪೆಗೆ. ಆದ್ರೆ..." ಎಂದು ಹುಡುಗಿಯ ಟವೆಲ್ ಕಡೆ ನೋಡಿ ನಿಲ್ಲಿಸಿದ. "ಆದ್ರೆ ಅವಳಿಗೆ ಕೆಂಪುದೇ ಸಲೀಸು."

"ಕೆಂಪುದೇ ಬೇಕು," ಎಂದಳು ಅವಳು ಬಾಗಿಲಿಂದ.

"ಬೂದಿ ಬಣ್ಣದ್ದು ಕಟ್ಟಿಕೊಡು," ಎಂದೆ ನಾನು.

ಅಂಗಡಿಯವನಿಗೂ ಗಾಬರಿಯಾಯಿತು. "ಅಜ್ಜಿ, ಪಾಪ ಆ ಮಗೂಗೆ..."

"ಮಗು ನಮ್ಮದು. ನೀನು ಕಟ್ಟು."

ಹಟ್ಟಿಯಲ್ಲಿ ಮರಿಯ ಕಾಲು ಮುರಿದರೆ ನಾವು ಬಿದಿರಿನ ದಬ್ಬೆ ಕಟ್ಟುತ್ತೇವೆ. ಕಟ್ಟು ಬಿಚ್ಚಿದ ಮೇಲೆ ಅದನ್ನು ಹೊತ್ತು ತಿರುಗುವುದಿಲ್ಲ, ಮಂದೆಯ ಹಿಂದೆ ಬಿಡುತ್ತೇವೆ. ಕುಂಟುತ್ತದೆ, ಅರಚುತ್ತದೆ, ಹಿಂದೆ ಬೀಳುತ್ತದೆ, ಆದರೂ ನಡೆಯುತ್ತದೆ. ಪಾಪ ಎಂದು ಹೆಗಲಿಗೆ ಹಾಕಿಕೊಂಡ ಮರಿ ಹೆಗಲಲ್ಲೇ ಉಳಿಯುತ್ತದೆ. ಕೆಂಪು ಬಗ್ಗಿ ಕೊಡಿಸಿದರೆ ಆ ಎಡಗೈ ಇನ್ನು ಟವೆಲ್ಲಿನೊಳಗೇ ಸಾಯುತ್ತದೆ, ಬೂದಿ ಬಣ್ಣದ್ದು ಕೊಡಿಸಿದರೆ ಆಟದಾಸೆಗೆ ಬೆರಳು ಬಗ್ಗಿಸುತ್ತಾಳೆ. ನನ್ನ ಲೆಕ್ಕ ಇಷ್ಟೇ.

ಮೊಳಕಾಲ್ಮೂರಿನ ಕಡೆ ಸಿದ್ದಾಪುರದ ಹತ್ತಿರದ ನಮ್ಮೂರು ಸೇರುವವರೆಗೂ ಅವಳು ನನ್ನ ಮುಖ ನೋಡಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ರಿಮೋಟ್ ಎಡಗೈಯಲ್ಲಿ ಹಿಡಿಯಲು ನೋಡಿದಳು. ಬೆರಳು ಕೀಲಿನ ಮೇಲೆ ನೆಟ್ಟಗೆ ನಿಂತಿತು, ಬಾಗಲಿಲ್ಲ. ಮತ್ತೆ ನೋಡಿದಳು. ಹಣೆಯ ಮೇಲೆ ಬೆವರು ಬಂತು. ರಿಮೋಟ್ ಮಂಚದ ಕೆಳಗೆ ತಳ್ಳಿ, "ನಿನಗೆ ನಾನು ಆಡೋದೇ ಬ್ಯಾಡ, ಅಲ್ವಾ ಅಜ್ಜಿ?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ವಾಸಿ ಅನ್ನಿಸುತ್ತಿತ್ತು.

ಮಗಳು ಒಲೆಯ ಮುಂದಿನಿಂದ ಎದ್ದು ಬಂದಳು. "ಅವ್ವಾ, ನಿನಗೆ ಕರುಳು ಅನ್ನೋದು ಐತೋ ಇಲ್ಲೋ? ಆ ಬೆರಳು ಅಲ್ಲಾಡಿಸಿದ್ರೆ ಎಷ್ಟು ನೋಯ್ತೈತೆ ಗೊತ್ತಾ?"

"ನೋಯಲಿ. ನೀನು ತುತ್ತು ಮಾಡಿ ತಿನ್ನಿಸ್ತಾ ಕೂತ್ಕೊ. ನಾಳೆ ಅವಳ ಗಂಡನ ಮನೇಗೂ ಹೋಗಿ ತಿನ್ನಿಸು."

"ಬಾಯಿ ನೋಡು ನಿಂದು. ಇದಕ್ಕೇ ಅಪ್ಪ ಕುರಿ ಹಿಂದೆ ಊರೂರು ತಿರುಗ್ತಿದ್ದದ್ದು."

ಆ ಮಾತು ಸುಳ್ಳಲ್ಲ. ಕುರಿ ಕೂಡುವ ರೊಪ್ಪದ ಕಡೆ ಎದ್ದು ಹೋದೆ.

ಆಮೇಲೆ ಕೆಲವು ದಿನ ಮನೆಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಹುಡುಗಿ ನಾನು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ನನಗೂ ಒಳಗೊಳಗೇ ಹೆದರಿಕೆ ಹತ್ತಿತು. ಮರಿ ನಡೆಯದಿದ್ದರೆ ಕಡೆಗೆ ಅದನ್ನು ಏನು ಮಾಡುತ್ತೇವೆ ಎಂಬುದು ಕುರಿ ಸಾಕಿದವರಿಗೆಲ್ಲ ಗೊತ್ತು. ಆ ಯೋಚನೆ ಬಂದಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಒಂದು ಮಧ್ಯಾಹ್ನ ಕುರಿರೊಪ್ಪದ ಹಿಂದಿನ ಹಾಸುಬಂಡೆಯ ಕಡೆಯಿಂದ ದುಂಬಿಯ ಹಾಗೆ ಸದ್ದು ಬಂತು. ಗೋಡೆಗೆ ಒರಗಿ ಇಣುಕಿದೆ. ಅವಳು ಒಬ್ಬಳೇ ಇದ್ದಳು. ರಿಮೋಟನ್ನು ತಲೆಕೆಳಗು ಮಾಡಿ ಹಿಡಿಯನ್ನು ಬಲಗೈಯಲ್ಲಿ ಹಿಡಿದಿದ್ದಳು. ಕೀಲು ಎಳೆಯುತ್ತಿದ್ದುದು ಬಲಗೈಯ ಬೆರಳು. ತಲೆಕೆಳಗಾದ್ದರಿಂದ ಚಕ್ರ ಎಡಕ್ಕೆ ಬಂದಿತ್ತು. ಅದನ್ನು ಎಡಗೈಯ ಅಂಗೈಯಿಂದ ರೊಟ್ಟಿ ತಟ್ಟಿದ ಹಾಗೆ ಉಜ್ಜುತ್ತಿದ್ದಳು. ಬೆರಳಿಗೆ ಕೆಲಸವೇ ಇರಲಿಲ್ಲ. ಟವೆಲ್ ಬಂಡೆಯ ಮೇಲೆ ಬಿದ್ದಿತ್ತು. ಎಡಕ್ಕೆ ತಿರುಗಿಸಲು ಹೋದರೆ ಗಾಡಿ ಬಲಕ್ಕೆ ಹೋಗಿ ಕತ್ತಾಳೆಗೆ ಗುದ್ದುತ್ತಿತ್ತು. ಅವಳು ತನಗೆ ತಾನೇ ಬೈದುಕೊಂಡು ಹೋಗಿ ಎತ್ತಿ ತರುತ್ತಿದ್ದಳು.

ನನಗೆ ಮೊದಲು ಬಂದದ್ದು ಸಿಟ್ಟು. ಬೆರಳು ಬಗ್ಗಿಸಲಿ ಎಂದು ನಾನು ಹೂಡಿದ ಉಪಾಯವನ್ನು ಇವಳು ತಪ್ಪಿಸಿಬಿಟ್ಟಿದ್ದಳು. ಸದ್ದು ಮಾಡದೆ ವಾಪಸು ಬಂದೆ. ಮಗಳಿಗೂ ಹೇಳಲಿಲ್ಲ.

ಶಾಲೆ ತೆರೆಯುವುದಕ್ಕೆ ಮುಂಚಿನ ಭಾನುವಾರ, "ಮಾವನ ಊರಿಗೆ ಕರ್ಕೊಂಡು ಹೋಗು," ಎಂದಳು. ಅಷ್ಟು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಮಿಲ್ಲಿನ ಅಂಗಳದಲ್ಲಿ ಕಡಲೆಕಾಯಿ ಸಿಪ್ಪೆಯ ಹಳೇ ರಾಶಿಗಳೇ ದಿಬ್ಬ. ಮಗ ಅವಳ ಹಿಡಿತ ನೋಡಿ ತಲೆ ಕೆರೆದುಕೊಂಡ. "ಲೇ ಪುಟ್ಟಿ, ಇದ್ಯಾವ ಊರಿನ ಹಿಡಿತ ಕಣೇ? ಕೊಡಿಲ್ಲಿ, ಗುಂಡಿ ಒತ್ತಿ ಎಡ ಬಲ ಅದಲು ಬದಲು ಮಾಡ್ತೀನಿ. ಸರಿಯಾಗಿ ತಿರುಗ್ತೈತೆ."

"ಬ್ಯಾಡ ಮಾವ. ಹಿಂಗೇ ಅಭ್ಯಾಸ ಆಗೈತೆ."

ಪಂದ್ಯಕ್ಕೆ ಸಾಲಿನಲ್ಲಿ ನಿಂತಾಗ ಟವೆಲ್ ಇನ್ನೂ ಕೈಮೇಲೇ ಇತ್ತು. ಸೀಟಿ ಊದುವ ಮುಂಚೆ ಅದನ್ನು ಬಿಚ್ಚಿ ನನ್ನ ಕೈಗೆ ತುರುಕಿದಳು. ಅವಳ ಬಗ್ಗಿ ಮೊದಲ ದಿಬ್ಬ ಹಾರಿತು. ಎರಡನೆಯದರಲ್ಲಿ ಮಗುಚಿ, ಚಕ್ರ ಮೇಲೆ ಮಾಡಿ ಬಿತ್ತು. ಅವಳು ಓಡಿದಳು. ರಾಂಪುರದಿಂದ ಬಂದಿದ್ದ ಒಬ್ಬ ಹುಡುಗ ಅವಳ ದಾರಿಗೆ ಅಡ್ಡ ನಿಂತು ಕೈಯನ್ನೇ ನೋಡಿದ. "ಅಯ್ಯೋ, ಚೆಯ್ಯಿಗೆ ಏಮಾಯ್ತು?" ಎಂದ ತನ್ನ ತೆಲುಗು ಬೆರಕೆಯಲ್ಲಿ. ನಾನು ಎದ್ದು ಹೋಗಿ ಆ ಹುಡುಗನ ಕಿವಿ ಹಿಂಡೋಣವೆಂದು ಸೆರಗು ಸಿಕ್ಕಿಸಿಕೊಂಡೆ.

"ಮಷಿನ್ನಿಗೆ ಸಿಕ್ತು," ಎಂದಳು ಅವಳು. "ದಾರಿ ಬಿಡು, ಹಿಂದೆ ಗಾಡಿ ಬರ್ತಾ ಐತೆ."

ಅವನು ಬಿಟ್ಟ. ಅವಳು ಎರಡೂ ಕೈಯಲ್ಲಿ ಬಗ್ಗಿ ಎತ್ತಿ ನೆಟ್ಟಗೆ ಇಟ್ಟು ವಾಪಸು ಓಡಿ ಬಂದಳು. ಎಲ್ಲರಿಗಿಂತ ಹಿಂದೆ ಬಂದು ಮುಗಿಸಿದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಂದಿನ ಪಂದ್ಯಕ್ಕೆ ಟೈರು ಸರಿಮಾಡುವುದರಲ್ಲಿದ್ದರು.

ಕುಂಟುವ ಮರಿಗೆ ಕಾಲಿನ ನೋವೊಂದೇ. ತನ್ನನ್ನು ಯಾರು ನೋಡುತ್ತಿದ್ದಾರೆ ಎಂಬ ಚಿಂತೆ ಅದಕ್ಕಿಲ್ಲ. ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗೆಂದು ಕೆಂಪುದನ್ನು ಕೊಡಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ.

ಮೊಳಕಾಲ್ಮೂರಿನ ಬಸ್ಸು ಹತ್ತಿ ಕೂತೆವು. ಚಳ್ಳಕೆರೆ ದಾಟಿ ಬಸ್ಸು ತುಂಬಿದಾಗ ಅವಳು ಕೈ ಚಾಚಿ ಟವೆಲ್ ಕೇಳಿದಳು. ಕೊಟ್ಟೆ. ಮೊದಲಿನಷ್ಟೇ ಬಿಗಿಯಾಗಿ ಸುತ್ತಿಕೊಂಡಳು.

"ಶಾಲೆ ತೆರೆದ ಮೇಲೆ ಹೋಗ್ತೀಯಾ?" ಎಂದು ಕಡೆಗೆ ನಾನೇ ಕೇಳಿದೆ.

ಅವಳು ಕಿಟಕಿಯ ಹೊರಗೆ ನೋಡುತ್ತಲೇ, "ಹೋಗ್ತೀನಿ. ಊಟಕ್ಕೆ ಮಾತ್ರ ಮನೇಗೆ ಬರ್ತೀನಿ," ಎಂದಳು.

"ಬಾ. ಆದ್ರೆ ನಿನ್ನ ತಟ್ಟೆ ನಾನೇನು ಹಿಡ್ಕೊಂಡು ನಿಂತ್ಕೊಳಲ್ಲ."

"ನಿನ್ನನ್ನ ಯಾರು ಕೇಳಿದ್ರು?" ಎಂದಳು.