ಹಳೇ ಸ್ಟೀರಿಂಗೂ ರಸ್ತೆ ಮೇಲಿನ ಭತ್ತವೂ

ಗೆಳೆಯರೇ, ಇವತ್ತು ನಾನು ಮನೆಗೆ ವಾಪಸು ಬಂದಿದ್ದು ಒಂದು ರಾಶಿ ಭತ್ತದ ಪುಣ್ಯದಿಂದ.

ಬಳ್ಳಾರಿಯ ಗುಜರಿಯಿಂದ ಆಸೆಪಟ್ಟು ತಂದಿದ್ದ ಹಳೇ ಕಾಲದ ಕಾರಿನ ಸ್ಟೀರಿಂಗನ್ನು ಬೆಳಿಗ್ಗೆ ನಾನೇ ನನ್ನ ಜೀಪಿಗೆ ಕೂರಿಸಿದೆ. ಅದರ ತೂತು ದೊಡ್ಡದು, ಜೀಪಿನ ರಾಡು ಸಣ್ಣದು. ತೂತಿನೊಳಗಿನ ಹಲ್ಲಿಗೆ ರಾಡಿನ ಹಲ್ಲು ಕೂಡಲಿಲ್ಲ. ಸಂದಿಗೆ ತಗಡು ತುರುಕಿ, ನಟ್ಟು ಬಿಗಿದು ಹೊರಟೆ. ಸಿರಿಗೇರಿ ಹತ್ತಿರ ಕಾಲುವೆ ಪಕ್ಕದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿತು, ಜೀಪು ತಿರುಗಲಿಲ್ಲ. ನೇರ ಹೋಗಿ, ರಸ್ತೆಯಂಚಿನಲ್ಲಿ ಒಣಗಿಸಿ ಗುಡ್ಡೆ ಹಾಕಿದ್ದ ಭತ್ತದೊಳಗೆ ಮೂತಿ ಹುದುಗಿಸಿ ನಿಂತಿತು. ಗುಡ್ಡೆಯಾಚೆ ತುಂಬಿದ ಕಾಲುವೆ.

ಭತ್ತದ ಒಡತಿ ಓಡಿ ಬಂದಳು. ನಿನ್ನೆ ಇದೇ ಜಾಗದಲ್ಲಿ ನನ್ನಿಂದ ಬೈಸಿಕೊಂಡಿದ್ದ ಅಜ್ಜಿ.

"ರಸ್ತಿ ನಿಮ್ಮ ಕಣ ಏನಬೇ ಅಂತ ನಿನ್ನಿ ಒದರಿದ್ದೆಲ್ಲೋ ತಮ್ಮಾ, ಇವತ್ತ ನೀನ ಕಣದಾಗ ಬಂದು ಕುಂತೀಯಲ್ಲ! ಪೆಟ್ಟು ಬಿತ್ತೇನು?"

"ಇಲ್ಲಬೇ ಯಮ್ಮಾ."

"ಹಂಗಾದ್ರ ಇಳಿ. ಚೆಲ್ಲಿದ್ದೆಲ್ಲ ಬಳ್ದು ಗುಡ್ಡಿ ಮಾಡು."

ಮಾಡಿದೆ. ಆಮೇಲೆ ಅವಳೇ ಕೈಕಾಲು ತೊಳೆಸಿ, ಕುಡಿಯಲು ಮಜ್ಜಿಗೆ ಕೊಟ್ಟಳು.

'ರಸ್ತೆ ಮೇಲೆ ಭತ್ತ ಹಾಕುವವರ ಮೇಲೆ ಕೇಸು ಹಾಕಿ' ಅಂತ ನಿನ್ನೆ ಇಲ್ಲಿ ಬರೆದಿದ್ದ ಪೋಸ್ಟನ್ನು ಅಳಿಸಿದ್ದೇನೆ. ಲೈಕ್ ಒತ್ತಿದವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಲೈಕುಗಳಿಗೆ ಜೀಪು ನಿಲ್ಲುತ್ತಿರಲಿಲ್ಲ.