ಖಣಿಯ ತಳದ ನೀರು

ಭಾಲ್ಕಿ ಹತ್ತಿರದ ಕಲ್ಲಿನ ಖಣಿಗೆ ಗೋರಖನಾಥ ಬಂದ ದಿನವೇ ನಜಮೋದ್ದೀನನ ಜೊತೆ ಮಾತಿಗೆ ಮಾತು ಬೆಳೆಯಿತು.

ನಜಮೋದ್ದೀನ ಬೀದರಿನವನು. ಅರ್ಧ ಆಯುಷ್ಯವನ್ನು ಸುರುಂಗ ಹಾರಿಸುವುದರಲ್ಲೇ ಕಳೆದಿದ್ದ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಒಡೆಯುವುದಕ್ಕೆ ಆ ಕಡೆ ಸುರುಂಗ ಎನ್ನುತ್ತಾರೆ. ಮದ್ದಿಗೆ ಕಿಡಿ ಕೊಡುವ ಕ್ಯಾಪು ಬೆರಳುದ್ದದ ಒಂದು ನಳಿಕೆ. ಬತ್ತಿಯ ತುದಿಯನ್ನು ಅದರೊಳಗೆ ತೂರಿಸಿ ಬಿಗಿ ಮಾಡಬೇಕು. ನಜಮೋದ್ದೀನ ಅದನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಿದ್ದ.

"ಸಾಬ್ರ, ಬಾಯಾಗಿಂದ ತೆಗೀರಿ ಅದು," ಎಂದ ಗೋರಖನಾಥ.

"ಯಾಕ್ರಿ? ಹಲ್ಲು ನಂದು, ಬಾಯಿ ನಂದು."

"ತಲಿನೂ ನಿಮ್ದೇ ಅದರಿ. ಅದಕ್ಕೇ ಹೇಳ್ತೇನಿ."

ಚೀಲದಿಂದ ಇಕ್ಕಳ ತೆಗೆದು ಮುಂದೆ ಹಿಡಿದ. ನಜಮೋದ್ದೀನ ಅದನ್ನು ತೆಗೆದುಕೊಂಡ, ಆದರೆ ಪಕ್ಕದವನಿಗೆ ಕೇಳಿಸುವಂತೆ, "ಕೋಲಸಾ ಖಣಿಯಿಂದ ಬಂದಾನ, ಕಲ್ಲಿನ ಖಣಿ ಕಲಸ್ತಾನ ನನಗ," ಎಂದ.

ಮಾತು ಸುಳ್ಳಲ್ಲ. ಗೋರಖನಾಥ ಔರಾದ ತಾಲೂಕಿನ ಸಂತಪುರದವನು. ಮನೆತನ ಬೌದ್ಧ ದೀಕ್ಷೆ ಪಡೆದದ್ದು. ಮೀಸೆ ಮೂಡುವ ವಯಸ್ಸಿನಲ್ಲೇ ತೆಲುಗು ಸೀಮೆಯ ಕಲ್ಲಿದ್ದಲ ಗಣಿಗೆ ದುಡಿಯಲು ಹೋಗಿ, ಅಲ್ಲೇ ಸುರುಂಗದ ಕೆಲಸ ಕಲಿತು, ಪರೀಕ್ಷೆ ಪಾಸು ಮಾಡಿದ್ದ. ತಾಯಿ ಸುಭದ್ರಾಬಾಯಿಗೆ ಆರೋಗ್ಯ ಕೆಟ್ಟಿತೆಂದು ಊರಿಗೆ ಮರಳಿದಾಗ ಎಪ್ಪತ್ತೆರಡರ ಬರ ಶುರುವಾಗಿತ್ತು. ಸರ್ಕಾರ ಬರಗಾಲದ ಕಾಮಗಾರಿ ಎಂದು ರಸ್ತೆ ತೆಗೆಯುತ್ತಿತ್ತು. ಆ ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಒದಗಿಸುವ ಗುತ್ತಿಗೆ ಹಿಡಿದ ಭಾಲ್ಕಿಯ ಶಿವರಾಜನಿಗೆ, ಸುರುಂಗದ ಮೇಲೆ ಸರ್ಟಿಫಿಕೇಟು ಇರುವ ಮನುಷ್ಯನೇ ಇರಬೇಕೆಂಬ ಷರತ್ತು ಬಿದ್ದಿತ್ತು. ಹಾಗಾಗಿ ಗೋರಖನಾಥನನ್ನು ಕರೆಸಿಕೊಂಡ.

ಗೋರಖನಾಥ ಬಂದ ವಾರದಲ್ಲೇ ಖಣಿಯ ರೀತಿ ಬದಲಾಯಿತು. ಮದ್ದು ಮತ್ತು ಕ್ಯಾಪು ಒಂದೇ ಗುಡಿಸಲಿನಲ್ಲಿ ಇರುತ್ತಿದ್ದವು. ಎರಡಕ್ಕೂ ಬೇರೆ ಬೇರೆ ಗುಡಿಸಲು ಕಟ್ಟಿಸಿದ, ಕೀಲಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಮದ್ದನ್ನು ಒಳಗೆ ನೂಕಲು ಕಬ್ಬಿಣದ ಸಲಾಕೆ ಬೇಡ, ಕಟ್ಟಿಗೆಯ ಕೋಲೇ ಸಾಕು ಎಂದ. ಸುರುಂಗ ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ. ಅದಕ್ಕೆ ಮೊದಲು ಬೇವಿನ ಮರಕ್ಕೆ ತೂಗಿದ ರೈಲು ಹಳಿಯ ತುಂಡನ್ನು ಸುತ್ತಿಗೆಯಿಂದ ಬಾರಿಸಬೇಕು. ಗಂಟೆ ಕೇಳಿದೊಡನೆ ಎಲ್ಲರೂ ಮೇಲೆ ಬರಬೇಕು, ದಾರಿಗಳಲ್ಲಿ ಕೆಂಪು ಬಾವುಟ ಹಿಡಿದವರು ನಿಲ್ಲಬೇಕು. ತುಂಬಿದ ತೂತುಗಳಷ್ಟೇ ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಅವನೂ ನಜಮೋದ್ದೀನನೂ ಹೋಗಿ ನೋಡುವ ತನಕ ಯಾರೂ ತಳಕ್ಕೆ ಇಳಿಯಬಾರದು.

ಒಮ್ಮೆ ಸದ್ದು ಒಂದು ಕಡಿಮೆಯೇ ಬಂತು. ಮೊದಲಾಗಿದ್ದರೆ ನಜಮೋದ್ದೀನ ಬೀಡಿ ಸೇದಿ ಮುಗಿಸಿ ಇಳಿದುಬಿಡುತ್ತಿದ್ದ. ಗೋರಖನಾಥ ಅವನ ರಟ್ಟೆ ಹಿಡಿದು ಕೂರಿಸಿದ. ಕೂತಲ್ಲೇ ಇರುವಾಗ, ಆರಿದೆಯೆಂದು ಎಲ್ಲರೂ ಅಂದುಕೊಂಡಿದ್ದ ಆ ತೂತು ಹಾರಿತು. ಕಲ್ಲಿನ ಚೂರುಗಳು ಬೇವಿನ ಎಲೆಗಳನ್ನು ಕತ್ತರಿಸಿ ಬಿದ್ದವು. ಮರುದಿನದಿಂದ ನಜಮೋದ್ದೀನ ಕ್ಯಾಪಿಗೆ ಹಲ್ಲು ತಾಗಿಸಿದ್ದನ್ನು ಯಾರೂ ಕಾಣಲಿಲ್ಲ.

ಬೇಸಿಗೆ ಏರಿದಂತೆ ಔರಾದ ಕಡೆಯ ಹಳ್ಳಿಗಳಿಂದ ಜನ ಗಂಟುಮೂಟೆ ಹೊತ್ತು ಬಂದರು. ಕೆಲವರು ಹೈದರಾಬಾದಿಗೆ, ಮುಂಬಯಿಗೆ ಹೋದರೆ, ಅಷ್ಟು ದೂರ ಹೋಗಲಾರದವರು ಖಣಿಯ ಪಕ್ಕದ ಬಯಲಲ್ಲಿ ಗುಡಿಸಲು ಹಾಕಿದರು. ಗಂಡಸರು ಬಂಡೆ ಕೊರೆಯುವುದು, ಹೆಂಗಸರು ಖಡಿ ಒಡೆಯುವುದು. ಸುತ್ತಲಿನ ಬಾವಿಗಳು ಬತ್ತಿದ್ದವು. ಖಣಿಯ ತಳದಲ್ಲಿ ಒಂದು ಮೂಲೆಗೆ ಮಾತ್ರ ಬಂಡೆಯ ಸಂದಿನಿಂದ ನೀರು ಜಿನುಗುತ್ತಿತ್ತು. ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬಿಸಬೇಕು, ಖಾಲಿಯಾದರೆ ಮತ್ತೆ ಊರುವ ತನಕ ಕಾಯಬೇಕು. ಇಡೀ ಬಿಡಾರ ಆ ನೀರಿನ ಮೇಲೆ ಬದುಕಿತ್ತು.

ಆ ಬಿಡಾರದಲ್ಲಿ ಕಾಶೀರಾಮ, ಅವನ ಹೆಂಡತಿ ಶಾಲುಬಾಯಿ ಇದ್ದರು. ಗೋರಖನಾಥನ ಸಮಾಜದವರೇ, ಸಂತಪುರದ ಪಕ್ಕದ ಹಳ್ಳಿಯವರು. ಬಿಡಾರದ ಎಲ್ಲರಂತೆ ಅವರೂ ಅವನನ್ನು ಮಿಸ್ತ್ರಿ ಎನ್ನುತ್ತಿದ್ದರು.

ವೈಶಾಖದ ಒಂದು ಮಧ್ಯಾಹ್ನ ಎಂದಿನಂತೆ ಗಂಟೆ ಬಾರಿಸಿದರು. ಜನ ಮೇಲೆ ಬಂದರು. ಬಾವುಟಗಳು ನಿಂತವು. ಗೋರಖನಾಥ ಅಂಚಿಗೆ ಬಂದು ಬಗ್ಗಿ ನೋಡಿದ, ಕೂಗಿದ, ಉತ್ತರ ಬರಲಿಲ್ಲ. ನಜಮೋದ್ದೀನ ಬತ್ತಿಗಳಿಗೆ ಬೆಂಕಿ ಕೊಟ್ಟು ಓಡಿ ಬಂದ. ಸುರುಂಗ ಹಾರಿತು, ಸದ್ದು ಸರಿಯಾಗಿ ಬಂತು. ಧೂಳು ಇಳಿದ ಮೇಲೆ ಇಬ್ಬರೂ ತಳಕ್ಕೆ ಹೋದರು.

ನೀರಿನ ಮೂಲೆಯಲ್ಲಿ, ಮೇಲಿನಿಂದಾಗಲಿ ಬತ್ತಿ ಹಚ್ಚುವ ಕಡೆಯಿಂದಾಗಲಿ ಕಾಣದಂತೆ ಚಾಚಿಕೊಂಡ ಬಂಡೆಯ ಕೆಳಗೆ, ಶಾಲುಬಾಯಿ ಬಿದ್ದಿದ್ದಳು. ಖಣಿಯ ಹಿಂಬದಿಯ ಕುರಿಗಳ ಜಾಡಿನಲ್ಲಿ ಇಳಿದು ಬಂದಿದ್ದಳು. ಆ ಜಾಡಿಗೆ ಬಾವುಟ ಇರಲಿಲ್ಲ. ಅದನ್ನು ದಾರಿ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲಾರಿಯಲ್ಲಿ ಭಾಲ್ಕಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು.

ಪೊಲೀಸ್ ಫೌಜದಾರ ಬಂದು ಕೇಳಿದ. "ಗಂಟಿ ಬಾರ್ಸಿದ್ದು ಊರಿಗೆಲ್ಲಾ ಕೇಳ್ಯಾದರಿ. ಆಕೀನೇ ಲಕ್ಷ್ಯ ಕೊಟ್ಟಿಲ್ಲ," ಎಂದ ಶಿವರಾಜ. ಅವನು ಕೆಟ್ಟವನಲ್ಲ, ಹೆದರಿದ್ದ.

ಮಣ್ಣು ಮಾಡಿದ ಮೇಲೆ ಗೋರಖನಾಥ ಕಾಶೀರಾಮನ ಗುಡಿಸಲ ಮುಂದೆ ಹೋಗಿ ಕೂತ. ಕಾಶೀರಾಮನೇ ಮೊದಲು ಬಾಯಿ ಬಿಟ್ಟ.

"ಲಕ್ಷ್ಯ ಕೊಡ್ಲಿಲ್ಲ ಅಂತಾರಲ್ರಿ ಮಿಸ್ತ್ರಿ. ಆಕೀಗಿ ಕಿವಿ ಚಲೋ ಇದ್ವು. ಗಂಟಿ ಕೇಳೇ ಹೋಗಿದ್ಳು."

"ಕೇಳಿ ಹೋಗಿದ್ಳು ಅಂದ್ರ?"

"ಗಂಟಿ ಬಾರ್ಸಿದ್ರ ಎಲ್ಲಾರೂ ಮ್ಯಾಲ ಬರ್ತಾರ. ಆವಾಗ ನೀರಿನ ಹತ್ರ ಯಾರೂ ಇರಂಗಿಲ್ಲ. ಉಳಿದ ಹೊತ್ತಿನಾಗ ನಮ್ಮವ್ರು ಹೋದ್ರ ಹಿಂದ ಸರೀರಿ, ಕೊಡ ತಾಗಸಬ್ಯಾಡ್ರಿ ಅಂತಾರ. ಎಲ್ಲಾರ್ದೂ ಮುಗಿಯೂತನ ನಿಂತ್ರ ನೀರೇ ಉಳಿಯಂಗಿಲ್ಲ. ಬತ್ತಿ ಹಚ್ಚೂದ್ರಾಗ ಒಂದು ಕೊಡ ತುಂಬ್ತದ ಅಂತಿದ್ಳು. ದಿನಾ ಹಂಗೇ ತರ್ತಿದ್ಳುರಿ. ಯಾರರ ಕೂಗಿದ್ರ ಓ ಅಂತಿದ್ದಿಲ್ಲ, ಅವತ್ತ ನೀರು ತಡಾ ಊರಿರ್ಬೇಕು."

ಗೋರಖನಾಥ ತಲೆ ತಗ್ಗಿಸಿದ. ಸಂತಪುರದಲ್ಲಿ ತನ್ನ ತಾಯಿ ಬಾವಿಯ ಕಟ್ಟೆಯಿಂದ ದೂರ, ಬಿಸಿಲಲ್ಲಿ, ಖಾಲಿ ಕೊಡ ಹಿಡಿದು ಯಾರಾದರೂ ಸುರಿದಾರೆಂದು ನಿಂತಿದ್ದನ್ನು ಅವನು ಎಷ್ಟು ಸಲ ನೋಡಿರಲಿಲ್ಲ! ಖಣಿಯ ಗಾಳಿ, ಬಂಡೆಯ ಬಿರುಕು, ಬತ್ತಿಯ ಉದ್ದ ಎಲ್ಲವನ್ನೂ ಯೋಚಿಸಿದ್ದ. ಇದೊಂದು ಮಾತ್ರ ಹೊಳೆದಿರಲಿಲ್ಲ. ಜನರನ್ನು ದೂರ ಇಡಲು ಅವನು ತೂಗಿದ್ದ ಗಂಟೆ, ಆಕೆಗೆ ದಿನಾ ಬಾ ಎಂದು ಕರೆಯುತ್ತಿತ್ತು.

ಮರುದಿನ ಗೋರಖನಾಥ ಮದ್ದಿನ ಗುಡಿಸಲಿನ ಕೀಲಿ ತೆಗೆಯಲಿಲ್ಲ.

"ನೀರು ಖಣಿಯ ಹೊರಗ ಸಿಗೂತನ ಸುರುಂಗ ಇಲ್ರಿ ಸಾವಕಾರ್ರ."

"ನೀರು ನಾ ಎಲ್ಲಿಂದ ತರ್ಲಿ?" ಎಂದ ಶಿವರಾಜ. "ರಸ್ತಿ ನಿಂತ್ರ ಇವ್ರೆಲ್ಲಾ ಏನ್ ತಿಂತಾರ? ಆ ದಾರಿಗಿ ಇನ್ನೊಂದು ಬಾವುಟಾ ಹಾಕ್ರಿ, ಮುಗೀತು."

"ಬಾವುಟಾ ಹಾಕಿದ್ರ ನೀರಡಿಕಿ ನಿಲ್ತದೇನ್ರಿ? ಇನ್ನೊಂದು ಜಾಡು ಹುಡುಕ್ತಾರ."

ಬಿಡಾರದವರೇ ಸಿಟ್ಟಾದರು. ಒಡೆಯಲು ಕಲ್ಲಿಲ್ಲದಿದ್ದರೆ ಕೂಲಿ ಇಲ್ಲ. ಸತ್ತವಳು ಸತ್ತಳು, ಇದ್ದವರ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತಾನೆ ಎಂದು ಗೋರಖನಾಥನ ಎದುರಿಗೇ ಅಂದರು. ಅವನು ಬೇವಿನ ಕೆಳಗೆ ಹೋಗಿ ಕೂತ. ನಜಮೋದ್ದೀನ ಬಂದವನೇ ಬತ್ತಿಯ ಸುರುಳಿಯನ್ನು ನೆಲಕ್ಕಿಟ್ಟು ಅವನ ಪಕ್ಕ ಕೂತ.

"ನೀವ್ಯಾಕ್ರಿ ಚಾಚಾ?"

"ಬೆಂಕಿ ಕೊಟ್ಟಿದ್ದು ನನ್ನ ಕೈ ಅಲ್ಲೇನು?" ಎಂದ ನಜಮೋದ್ದೀನ. ಆಮೇಲೆ ಖಣಿಯ ಗುಡ್ಡದ ಇಳಿಜಾರಿನ ಕಡೆ ಕೈ ಮಾಡಿದ. "ನೋಡ್ರಿ, ಆ ನೀರು ಕರಿ ಕಲ್ಲಿನಾಗಿಂದ ಬರಲ್ಲ. ಕರಿ ಕಲ್ಲಿನ ಬುಡಕ್ಕ ಕೆಂಪು ಮಣ್ಣಿಂದು ಒಂದು ಪದರ ಅದ, ಅದರಾಗಿಂದ ಬರ್ತದ. ಆ ಪದರ ಅಲ್ಲಿ, ಗುಡ್ಡದ ಹೊರಗಿನ ಮಗ್ಗಲಿಗೂ ಹೊರಬಿದ್ದದ. ಬರೇ ಸಬ್ಬಲದಿಂದ ತೋಡಿದ್ರ ಸಿಕ್ಕೀತು. ಮದ್ದು ಹಚ್ಚಬ್ಯಾಡ್ರಿ, ಸಂದು ಮುಚ್ಚಿ ಹೋಗ್ತದ."

ಇಬ್ಬರೂ ಎದ್ದು ಹೋಗಿ ಅಗೆಯತೊಡಗಿದರು. ಮೊದಲು ಅವರ ಜೊತೆ ಸೇರಿದವನು ಕಾಶೀರಾಮ. ಆಮೇಲೆ ಬಿಡಾರದ ಹಿರಿಯ ಹೆಂಗಸು ಕಾಂತಾಬಾಯಿ ಬುಟ್ಟಿ ಹಿಡಿದು ಮಣ್ಣು ಹೊರಲು ಬಂದಳು. ಅವಳ ಹಿಂದೆ ಉಳಿದವರು. ಶಿವರಾಜ ಸಂಜೆ ಬಂದು ನೋಡಿ, ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಅಗೆದದ್ದಕ್ಕೂ ಕೂಲಿ ಕೊಡುತ್ತೇನೆ ಎಂದು ಹೇಳಿ ಹೋದ. ಕೆಲವು ದಿನ ಬರೀ ಒಣ ಮಣ್ಣು ಬಂತು. ಆಮೇಲೆ ಒಂದು ಮುಂಜಾನೆ ಗುಂಡಿಯ ಗೋಡೆ ಒದ್ದೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಕೆಂಪು ನೀರು ನಿಂತಿತ್ತು.

ನೀರು ಬಂದ ಕೂಡಲೇ ಹಳೆಯ ಮಾತೂ ಬಂತು. ಯಾರೋ ಒಬ್ಬ, ಕಾಶೀರಾಮನ ಕಡೆಯವರು ಆಮೇಲೆ ತುಂಬಲಿ ಎಂದ. ಕಾಂತಾಬಾಯಿ ಗುಂಡಿಯ ದಂಡೆಯ ಮೇಲೆ ಕಾಲು ಊರಿ ನಿಂತಳು. ಅವಳು ಕಾಶೀರಾಮನ ಸಮಾಜದವಳಲ್ಲ.

"ಇದಕ್ಕ ಮೊದಲ ಸಬ್ಬಲ ಹಾಕಿದವ್ರು ಮೂರು ಮಂದಿ. ಒಬ್ಬಾತ ಸಾಬ, ಒಬ್ಬಾತ ಮಿಸ್ತ್ರಿ, ಒಬ್ಬಾತ ಹೆಂಡ್ತೀನ ಕಳ್ಕೊಂಡವ. ಇವ್ರಿಗಿ ಹಿಂದ ಸರೀರಿ ಅನ್ನಾವ ಯಾವನಿದ್ದಾನ, ಮುಂದ ಬರ್ಲಿ. ಮೊದಲ ಬಂದವ್ರು ಮೊದಲ ತುಂಬ್ರಿ."

ಯಾರೂ ಮುಂದೆ ಬರಲಿಲ್ಲ. ಒಂದೆರಡು ಮನೆಯವರು ಕೆಲವು ದಿನ ಆ ಗುಂಡಿಗೆ ಕೊಡ ತರದೆ ಮುನಿಸಿಕೊಂಡಿದ್ದರು. ನೀರಡಿಕೆ ಅವರನ್ನೂ ಕರೆತಂದಿತು.

ಗೋರಖನಾಥ ಆಗ ಕೀಲಿ ತೆಗೆದ. ಆದರೆ ಇನ್ನೊಂದು ಕಟ್ಟಳೆ ಮಾಡಿದ: ಸುರುಂಗಕ್ಕೆ ಮೊದಲು ಬಿಡಾರದ ಪ್ರತಿಯೊಬ್ಬರೂ ಎಲ್ಲಿದ್ದಾರೆಂದು ಕಾಂತಾಬಾಯಿ ನೋಡಬೇಕು. ಆಕೆ "ಎಲ್ಲಾರೂ ಅದಾರ" ಎಂದರೇ ಬೆಂಕಿ. ಮುಖ ಮುಖವೂ ಪರಿಚಯವಿದ್ದವಳು ಅವಳೊಬ್ಬಳೇ. ಒಮ್ಮೆ ಬಿಸ್ಮಿಲ್ಲಾಬೀ ಎಂಬ ಮುದುಕಿ ಕಾಣಿಸಲಿಲ್ಲ. ರಸ್ತೆಯ ಕೆಲಸ ನೋಡಲು ಎಂಜಿನಿಯರ ಬಂದಿದ್ದರು, ಶಿವರಾಜ ಚಡಪಡಿಸುತ್ತಿದ್ದ.

"ಆಕಿ ಭಾಲ್ಕಿ ಸಂತಿಗಿ ಹೋಗಿರ್ಬೇಕು, ಹಾರ್ಸ್ರಿ ಇನ್ನ!"

"ಹೋಗಿರ್ಬೇಕು ಅಲ್ರಿ, ಹೋಗ್ಯಾಳ ಅಂತ ಗೊತ್ತಾಗ್ಬೇಕು," ಎಂದಳು ಕಾಂತಾಬಾಯಿ.

ಕಾದರು. ಬಿಸಿಲು ವಾಲಿತು. ಮುದುಕಿ ನಿಜವಾಗಿಯೂ ಭಾಲ್ಕಿಯ ಕಡೆಯಿಂದಲೇ ಮೆಣಸಿನಕಾಯಿಯ ಗಂಟು ಹಿಡಿದು ಬಂದಳು. ಕೆಲವರು ಕಾಂತಾಬಾಯಿಯನ್ನು ನೋಡಿ ನಕ್ಕರು. ಗೋರಖನಾಥ ನಗಲಿಲ್ಲ, ಬತ್ತಿ ಹಚ್ಚಲು ಸನ್ನೆ ಮಾಡಿದ.

ಮರುವರ್ಷ ಮಳೆಯಾಯಿತು. ಬಿಡಾರ ಕರಗಿತು. ರಸ್ತೆ ಮುಗಿದ ಮೇಲೆ ಗೋರಖನಾಥ ಬೀದರ ಸುತ್ತಿನ ಎಷ್ಟೋ ಖಣಿಗಳಲ್ಲಿ ಕೆಲಸ ಮಾಡಿದ. ಹೊಸ ಜಾಗಕ್ಕೆ ಹೋದರೆ ಬಂಡೆ ನೋಡುವ ಮೊದಲು, ಇಲ್ಲಿಯ ಜನ ನೀರು ಎಲ್ಲಿಂದ ತರುತ್ತಾರೆ, ಯಾವಾಗ ತರುತ್ತಾರೆ, ಯಾರಿಗೆ ಯಾರು ತರಗೊಡುವುದಿಲ್ಲ ಎಂದು ಕೇಳುತ್ತಿದ್ದ. ಖಣಿಯ ಒಡೆಯರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ನಜಮೋದ್ದೀನ ಬದುಕಿರುವ ತನಕ ಅವನ ಜೊತೆಗೇ ಇದ್ದ. ಕೊನೆಗೆ ಕೆಮ್ಮಿನಿಂದ ಹಾಸಿಗೆ ಹಿಡಿದಾಗ, ಮಗನ ಜೊತೆ ಬೀದರಿಗೆ ಬಂದಿದ್ದ ತಾಯಿ ಸುಭದ್ರಾಬಾಯಿ ದಿನಾ ಗಂಜಿ ಮಾಡಿ ಮಗನ ಕೈಯಲ್ಲಿ ಕಳಿಸುತ್ತಿದ್ದಳು.

ಕಾಶೀರಾಮ ಊರಿಗೆ ಹೋಗದೆ ಬೀದರಿನ ಗಾಂಧಿ ಗಂಜದ ಧಾನ್ಯದ ಪೇಟೆಯಲ್ಲಿ ಹಮಾಲಿಗೆ ಸೇರಿದ್ದ. ಗೋರಖನಾಥನಿಗೆ ಇದು ಗೊತ್ತಿತ್ತು, ಆದರೆ ಗಂಜದ ಆ ಸಾಲಿಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ. ಕೆಲವು ವರ್ಷಗಳ ನಂತರ ಕಾಶೀರಾಮನೇ ಹುಡುಕಿಕೊಂಡು ಬಂದ.

"ಊರಾಗ ಹೊಲಕ್ಕ ಸರ್ಕಾರದ ಬಾವಿ ಮಂಜೂರಾಗ್ಯಾದರಿ ಮಿಸ್ತ್ರಿ. ಮ್ಯಾಲ ಮಣ್ಣು ತೆಗ್ದೇವು, ಈಗ ಕರಿ ಕಲ್ಲು ಹತ್ಯಾದ. ಸುರುಂಗಕ್ಕ ನೀವೇ ಬರ್ಬೇಕು."

"ನಾನೇ ಯಾಕಪ್ಪಾ? ಔರಾದದಾಗ ಬ್ಯಾರೆಯವ್ರು ಅದಾರಲ್ಲ."

"ಬ್ಯಾರೆಯವ್ರ ಕೈಯಾಗ ನನಗ ಜೀವ ಹೆದರ್ತದರಿ."

ಗೋರಖನಾಥ ಹೋದ. ಅಲ್ಲೇ ಇದ್ದು ಬಾವಿ ಇಳಿಸಿದ. ಪ್ರತಿ ಸಲ ಎಲ್ಲರೂ ಮೇಲೆ ಬಂದರೆಂದು ಕಾಶೀರಾಮ ತಾನೇ ಹೊಲ ಸುತ್ತಿ ನೋಡಿ ಬಂದು ಹೇಳುತ್ತಿದ್ದ. ಶಾಲುಬಾಯಿಯ ಹೆಸರನ್ನು ಇಬ್ಬರೂ ಎತ್ತಿರಲಿಲ್ಲ. ಒಂದು ಮಧ್ಯಾಹ್ನ ಜೋಳದ ರೊಟ್ಟಿ ಬಿಚ್ಚಿಕೊಂಡು ಕೂತಾಗ ಕಾಶೀರಾಮ ತಾನಾಗಿಯೇ ಹೇಳಿದ:

"ಆಕೀಗಿ ಸಿಟ್ಟು ಭಾಳ ಇತ್ತುರಿ. ತಲಿ ಮ್ಯಾಲಿಂದ ಕೊಡ ಇಳಸ್ಲಾಕ ನಾ ಹೋದ್ರ ಕೈ ಮ್ಯಾಲ ಬಡೀತಿದ್ಳು. ನೀ ಅರ್ಧ ಚೆಲ್ತಿ, ಸರಿ ಆಕಡಿ, ಅಂತ."

ಹೇಳುತ್ತ ಅವನಿಗೆ ನಗು ಬಂತು. ಗೋರಖನಾಥ ಅವನ ಮುಖ ನೋಡಿದ. ನಗಬಹುದೆಂದು ತಿಳಿದ ಮೇಲೆ ಅವನೂ ನಕ್ಕ. ಕಾಶೀರಾಮ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಇಟ್ಟು, ಅವನ ಕೈಗೆ ಕೊಟ್ಟ. ಉಂಡೆದ್ದು ಇಬ್ಬರೂ ಹಗ್ಗ ಹಿಡಿದು ಬಾವಿಗೆ ಇಳಿದರು.